ಕರಾವಳಿ, ಶಿರಸಿ ಕಡೆಯ ದಿನನಿತ್ಯದ ಜಾಗಗಳ ಫೋಟೋ: ಯಾವುದು ಮೊದಲು, ಯಾವುದು ಆಮೇಲೆ

ಪ್ರತಿ ಡಿಸೆಂಬರ್ ರಜೆ ಮುಗಿದ ಮೇಲೆ ಒಂದೇ ತರಹದ ಮಾತು ಕೇಳಿಬರುತ್ತದೆ. "ಕಾರವಾರಕ್ಕೆ ಹೋಗಿದ್ದೆವು, ಶಿರಸಿಗೂ ಹೋಗಿದ್ದೆವು, ನಾನೂರು ಫೋಟೋ ತೆಗೆದೆವು. ಮನೆಗೆ ಬಂದು ನೋಡಿದರೆ ಒಂದೂ ಆ ಊರಿನದು ಅನ್ನಿಸ್ತಾ ಇಲ್ಲ." ತೋರಿಸಿ ಅಂದರೆ ಮೊದಲ ಮೂವತ್ತು ಸೂರ್ಯಾಸ್ತ. ಆಮೇಲೆ ಅಲೆ, ಆಮೇಲೆ ತಟ್ಟೆಯಲ್ಲಿ ಬಂಗಡೆ, ಆಮೇಲೆ ಮತ್ತೆ ಸೂರ್ಯಾಸ್ತ.

ಕ್ಯಾಮೆರಾ ಕೆಟ್ಟದ್ದೇನಲ್ಲ, ಕ್ರಮ ತಪ್ಪಿರುತ್ತದೆ. ಬಸ್ಸಿಳಿದ ಕೂಡಲೇ ಫೋನ್ ಎತ್ತುತ್ತಾರೆ. ನೋಡುವುದು, ಕೇಳುವುದು, ಕಾಯುವುದು ಎಲ್ಲ ಆಮೇಲೆ, ಅದೂ ಪುರುಸೊತ್ತಿದ್ದರೆ. ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಿ. ನಾಲ್ಕನೆಯದನ್ನು ಹಾರಿಸಿದರೆ ಐದನೆಯದು ಕೈಕೊಡುತ್ತದೆ.

## ಚೀಲದಲ್ಲಿ ಏನಿರಬೇಕು

ಫೋನ್ ಸಾಕು. ಕ್ಯಾಮೆರಾ ಇದ್ದರೆ ಒಂದೇ ಲೆನ್ಸ್ ತನ್ನಿ, 35 ಅಥವಾ 50 ಮಿ.ಮೀ. ಕಡಲ ಗಾಳಿಯಲ್ಲಿ ನಿಂತು ಲೆನ್ಸ್ ಬದಲಿಸಿದರೆ ಸೆನ್ಸರ್ ಮೇಲೆ ಮರಳು ಕೂರುತ್ತದೆ. ಉಳಿದದ್ದು ಮನೆಯಲ್ಲೇ ಸಿಗುವ ಸಾಮಾನು: ಹಳೇ ಹತ್ತಿ ಪಂಚೆಯ ಎರಡು ತುಂಡು (ಒಂದು ಒದ್ದೆ ಮಾಡಲು, ಒಂದು ಒಣಗಿದ್ದು), ಬಾಯಿ ಬಿಗಿಯುವ ಪ್ಲಾಸ್ಟಿಕ್ ಚೀಲ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ನಾಲ್ಕೈದು, ಪವರ್ ಬ್ಯಾಂಕ್, ಸಣ್ಣ ನೋಟ್‌ಬುಕ್, ಕೊಡೆ. ಮಳೆಗಾಲದಲ್ಲಿ ಶಿರಸಿ ತೋಟಕ್ಕೆ ಇಳಿಯುವವರು ಕವಳದ ಸುಣ್ಣ ಒಂಚೂರು ಇಟ್ಟುಕೊಳ್ಳಿ. ಉಂಬಳ (ಜಿಗಣೆ) ಹತ್ತಿದರೆ ಸುಣ್ಣ ಮುಟ್ಟಿಸಿ, ತಾನೇ ಬಿಡುತ್ತದೆ.

ಟ್ರೈಪಾಡ್ ಬೇಡ. ಮೂರು ಕಾಲು ಊರಿದ ಕೂಡಲೇ ನೀವು "ಟಿವಿಯವರು" ಆಗಿಬಿಡುತ್ತೀರಿ.

## 1. ದಿನ, ಹೊತ್ತು, ಭರತ ಇಳಿತ ನೋಡಿ ಹೊರಡಿ

ಅರ್ಧ ಸೋಲು ಇಲ್ಲೇ ಆಗುವುದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆ ಹೊತ್ತಿಗೆ ಬೈತಖೋಲ್ ಬಂದರಿಗೋ ತದಡಿಗೋ ಬಂದು "ಮೀನು ಇಳಿಸೋದು ಕಾಣ್ಲೇ ಇಲ್ಲ" ಅಂದರೆ ಯಾರೇನು ಮಾಡಬೇಕು? ಆದರೆ ಆಗ ದೋಣಿಗೆ ಬಣ್ಣ ಬಳಿಯುವವರು, ಬಲೆ ಹೆಣೆಯುವವರು ಸಿಗುತ್ತಾರೆ. ಮಾತಾಡಲು ಪುರುಸೊತ್ತಿರುವುದೂ ಆಗಲೇ. ಕಾರವಾರದ ಸಂತೆ ನೋಡಬೇಕಾದರೆ ಭಾನುವಾರ ಬನ್ನಿ. ಅಡಿಕೆ ಕೊಯ್ಲು ನೋಡಬೇಕಾದರೆ ನವೆಂಬರ್ ದಾಟಿದ ಮೇಲೆ. ಸಾಣಿಕಟ್ಟಾದ ಉಪ್ಪಿನಾಗರ (ಉಪ್ಪು ಬೆಳೆಯುವ ಗದ್ದೆ) ಬೇಸಿಗೆಯಲ್ಲಿ, ಮಳೆ ಬೀಳುವುದರೊಳಗೆ.

ಹೊಳೆ ಬಾಯಿಯ ಜಾಗಗಳಿಗೆ ಭರತ ಇಳಿತದ ಲೆಕ್ಕ ಬೇಕೇ ಬೇಕು. ಭರತದಿಂದ ಇಳಿತಕ್ಕೆ ಸುಮಾರು ಆರು ಗಂಟೆ. ದಿನಕ್ಕೆ ಐವತ್ತು ನಿಮಿಷದಷ್ಟು ಮುಂದೆ ಹೋಗುತ್ತದೆ. ಇವತ್ತು ಬೆಳಿಗ್ಗೆ 7ಕ್ಕೆ ಇಳಿತ ಇದ್ದರೆ ನಾಳೆ 7.50ರ ಹೊತ್ತಿಗೆ. ಅಘನಾಶಿನಿ ಹೊಳೆಯಲ್ಲಿ ಬಳಚು (ಚಿಪ್ಪುಮೀನು) ಹೆಕ್ಕುವವರು ನೀರಿಗಿಳಿಯುವುದು ಇಳಿತಕ್ಕೆ. ಭರತದಲ್ಲಿ ಹೋದರೆ ಬರೀ ನೀರು ಕಾಣುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಆ ದಿನಗಳಲ್ಲಿ ಬಂಡೆಯ ತುದಿಗೆ ಹೋಗಿ ಕೂರಬೇಡಿ.

ಇನ್ನು ಬೆಳಕು. ಇಲ್ಲಿ ಸೂರ್ಯ ಹುಟ್ಟುವುದು ಘಟ್ಟದ ಹಿಂದೆ. ಕಾರವಾರದಲ್ಲಂತೂ ಗುಡ್ಡ ಸಮುದ್ರಕ್ಕೆ ತಾಗಿಕೊಂಡೇ ಇದೆ. ಹಾಗಾಗಿ ಬೆಳಗಾದ ಮೇಲೂ ಸ್ವಲ್ಪ ಹೊತ್ತು ನೇರ ಬಿಸಿಲು ಬೀಳುವುದಿಲ್ಲ. ಆ ಮೆತ್ತಗಿನ ಬೆಳಕು ಪೇಟೆ, ಓಣಿ, ಮೀನು ಮಾರ್ಕೆಟ್ಟಿಗೆ ಹೇಳಿ ಮಾಡಿಸಿದಂತಿರುತ್ತದೆ. ಸೂರ್ಯ ಮುಳುಗುವುದು ನವೆಂಬರ್ ಕೊನೆಗೆ ಸಂಜೆ 6ರ ಹೊತ್ತಿಗೆ, ಜೂನ್ ಕೊನೆಗೆ 7 ದಾಟಿ. ಆ ಹೊತ್ತಿಗೆ ಟಾಗೋರ್ ಕಡಲತೀರದಲ್ಲಿ ಎಲ್ಲರೂ ಪಶ್ಚಿಮಕ್ಕೆ ಫೋನ್ ಹಿಡಿದಿರುತ್ತಾರೆ. ನೀವು ಸಮುದ್ರಕ್ಕೆ ಬೆನ್ನು ಹಾಕಿ ನಿಲ್ಲಿ. ಆ ಬೆಳಕು ಯಾವುದರ ಮೇಲೆ ಬೀಳುತ್ತಿದೆ ನೋಡಿ: ಎಳೆದು ಹಾಕಿದ ದೋಣಿಯ ಹೊಟ್ಟೆ, ಚುರುಮುರಿ ಗಾಡಿಯ ಗಾಜು, ಮಗುವನ್ನು ಎತ್ತಿಕೊಂಡವರ ಮುಖ.

## 2. ಒಂದೇ ಜಾಗ ಹಿಡಿಯಿರಿ

ಒಂದು ದಿನಕ್ಕೆ ಒಂದು ಜಾಗ. ಜಾಗ ಅಂದರೆ ಊರಲ್ಲ. ಒಂದು ದೋಣಿ ಧಕ್ಕೆ, ಒಂದು ಬಸ್‌ಸ್ಟ್ಯಾಂಡ್ ಕ್ಯಾಂಟೀನ್, ಒಂದು ಅಡಿಕೆ ಅಂಗಳ, ಅಷ್ಟೇ. ಬೆಳಿಗ್ಗೆ ಯಾಣ, ಮಧ್ಯಾಹ್ನ ಗೋಕರ್ಣ, ಸಂಜೆ ಮುರುಡೇಶ್ವರ ಅಂತ ಓಡುವವರಿಗೆ ಈ ಬರಹದಿಂದ ಏನೂ ಪ್ರಯೋಜನವಿಲ್ಲ.

ಯಾವ ಜಾಗ ಅಂತ ತೋಚದಿದ್ದರೆ, ಜನ ಕಾಯುವ ಜಾಗ ಹುಡುಕಿ. ಕಾಯುವವರು ಒಂದೇ ಕಡೆ ಇರುತ್ತಾರೆ, ಕೈಗೆ ಕೆಲಸ ಇರುವುದಿಲ್ಲ, ಮುಖ ಸಹಜವಾಗಿರುತ್ತದೆ.

ಎಲ್ಲೆಲ್ಲಿ ಬೇಡ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕಾರವಾರದ ದಕ್ಷಿಣಕ್ಕೆ ಅರಗಾ ಕಡೆ ನೌಕಾನೆಲೆ ಇದೆ. ಹೆದ್ದಾರಿಯಿಂದ ಕಂಡರೂ ಆ ಕಡೆ ಕ್ಯಾಮೆರಾ ತಿರುಗಿಸಬೇಡಿ. ಕೈಗಾ ಅಣುವಿದ್ಯುತ್ ಸ್ಥಾವರದ ಸುತ್ತಲೂ ಹಾಗೆಯೇ. ಈ ಕಡೆ ಬರುವಾಗ ಡ್ರೋನ್ ಮನೆಯಲ್ಲೇ ಬಿಟ್ಟು ಬನ್ನಿ. ಗೋಕರ್ಣದ ಕೋಟಿತೀರ್ಥದಲ್ಲಿ ಜನ ಸತ್ತವರ ಕಾರ್ಯ ಮಾಡುತ್ತಿರುತ್ತಾರೆ. ಅದು ನಿಮ್ಮ ಚಿತ್ರಕ್ಕೆ ವಸ್ತುವಲ್ಲ.

ಮತ್ತೆ, "ಇದೇನು, ದಿನಾ ಇರೋದೇ" ಅಂತ ಬಿಡಬೇಡಿ. ಕೋಡಿಬಾಗದ ಹಳೇ ಕಾಳಿ ಸೇತುವೆಯ ಮೇಲೆ ನಾನು ಎಷ್ಟು ಸಲ ಓಡಾಡಿದ್ದೇನೋ ಲೆಕ್ಕವಿಲ್ಲ. 2024ರ ಆಗಸ್ಟ್‌ನಲ್ಲಿ ಅದು ಕುಸಿದುಬಿತ್ತು. ಹುಡುಕಿದರೆ ನನ್ನ ಹತ್ತಿರ ಅದರದ್ದು ಒಂದು ನೆಟ್ಟಗಿನ ಫೋಟೋ ಇಲ್ಲ.

## 3. ಮೊದಲ ಇಪ್ಪತ್ತು ನಿಮಿಷ ಕ್ಯಾಮೆರಾ ಚೀಲದಲ್ಲೇ

ಕಷ್ಟದ ಹಂತ ಇದೇ. ಇದನ್ನು ಬಿಟ್ಟವರಿಗೆ ಉಳಿದದ್ದು ಹೇಳಿ ಪ್ರಯೋಜನವಿಲ್ಲ. ಸುಮ್ನೆ ಕೂರಿ. ಚಾ ಕುಡಿಯಿರಿ. ನೋಟ್‌ಬುಕ್ಕಿನಲ್ಲಿ ಮೂರು ವಿಷಯ ಬರೆಯಿರಿ: ಬೆಳಕು ಎಲ್ಲಿಂದ ಬರುತ್ತಿದೆ, ಯಾವ ಕೆಲಸ ಮತ್ತೆ ಮತ್ತೆ ಆಗುತ್ತಿದೆ, ಯಾವ ಸದ್ದು ಜಾಸ್ತಿ.

ತದಡಿಯಲ್ಲಿ ಹೊಳೆ ದಾಟಿ ಅಘನಾಶಿನಿ ಊರಿಗೆ ಹೋಗುವ ದೋಣಿಗೆ ಕಾಯುತ್ತಾ ಒಂದು ಬೆಳಿಗ್ಗೆ ನಾನು ಬರೆದುಕೊಂಡದ್ದು ಹೀಗಿದೆ. "ಎಡಗಡೆಯಿಂದ ಬಿಸಿಲು. ಹಗ್ಗ ಕಟ್ಟುವ ಗೂಟದಲ್ಲಿ ಹಗ್ಗ ತಿಂದು ಎರಡು ಬೆರಳು ಆಳದ ಗೀರು. ಬೈಕ್ ಹತ್ತಿಸುವಾಗ ಪ್ರತಿ ಸಲ ಯಾರೋ ಒಬ್ಬರು ಹಿಂದಿನ ಸೀಟು ಹಿಡಿಯುತ್ತಾರೆ, ಯಾರೂ ಕರೆಯುವುದಿಲ್ಲ. ಶಾಲೆ ಹುಡುಗಿ ದೋಣಿಯಲ್ಲಿ ಕೂತ ಮೇಲೇ ಜಡೆಗೆ ರಿಬ್ಬನ್ ಕಟ್ಟುತ್ತಾಳೆ."

ಎರಡನೇ ದೋಣಿಗೆ ಫೋನ್ ಹೊರಗೆ ತೆಗೆದೆ. ಬೈಕಿನ ಹಿಂದಿನ ಸೀಟು ಹಿಡಿದ ಆ ಕೈ ಸಿಕ್ಕಿತು. ಬಂದ ಕೂಡಲೇ ತೆಗೆದಿದ್ದರೆ ದೋಣಿ ಮತ್ತು ನೀರು ಮಾತ್ರ ಬರುತ್ತಿತ್ತು. ಮರುಕಳಿಸುವ ಕೆಲಸ ಯಾವುದು ಅಂತ ಗೊತ್ತಾದರೆ ಅದು ಮತ್ತೆ ಬರುವವರೆಗೆ ಕಾಯಬಹುದು.

## 4. ಕೇಳಿ

ಒಂದು ಬೆಳಿಗ್ಗೆ ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ಬುಟ್ಟಿಯ ಶೆಟ್ಲಿಗೆ (ಸಿಗಡಿಗೆ) ಒಳ್ಳೇ ಬೆಳಕು ಬಿದ್ದಿತ್ತು. ಕೇಳದೆ ಕ್ಯಾಮೆರಾ ಎತ್ತಿದೆ. ಬುಟ್ಟಿಯ ಒಡತಿ ಸಟ್ಟನೆ ಗೋಣಿ ಎಳೆದು ಮುಚ್ಚಿ, ಮುಖ ತಿರುಗಿಸಿ ಕೂತಳು. ದರ ಕೇಳುತ್ತಿದ್ದ ಗಿರಾಕಿ ಮುಂದೆ ಹೋದರು. ಪಕ್ಕದಾಕೆ ನನಗೆ ಹೇಳಿದಳು: "ಅವಳಿಗೆ ಇನ್ನೂ ಬೋಣಿ ಆಗಲಿಲ್ಲ."

ಅವತ್ತಿನಿಂದ ನನ್ನ ಕ್ರಮ ಹೀಗಿದೆ. ಮೊದಲು ಬೋಣಿ ಆಗಲಿ. ಸಾಧ್ಯವಾದರೆ ನೀವೂ ಏನಾದರೂ ಕೊಳ್ಳಿ. ಆಮೇಲೆ "ಅಕ್ಕಾ, ಒಂದು ಫೋಟೋ ತೆಗೀಲಾ?" ಅಂತ ಕೇಳಿ. ಕಾರವಾರದಲ್ಲಿ ಮನೆಮಾತು ಕೊಂಕಣಿ ಇರಬಹುದು, ಆದರೆ ಕನ್ನಡದಲ್ಲಿ ಕೇಳಿದರೂ ನಡೆಯುತ್ತದೆ.

ಉತ್ತರ ಅರ್ಥ ಮಾಡಿಕೊಳ್ಳುವುದೂ ಕಲಿಯಬೇಕು. ನಮ್ಮ ಕಡೆ ನೇರವಾಗಿ "ಬೇಡ" ಅನ್ನುವವರು ಕಡಿಮೆ. "ಅಡ್ಡಿಲ್ಲ" ಅಂದರೆ ಹೌದು. "ಎಂತಕೆ ಅದೆಲ್ಲ" ಅಂದರೆ ಬೇಡ. ನಕ್ಕು ಪಕ್ಕದವರ ಕಡೆ ತಿರುಗಿದರೂ ಬೇಡ. ಸೆರಗು ಸರಿಮಾಡಿಕೊಂಡರೆ ಮಾತ್ರ ಸ್ವಲ್ಪ ತಡೆಯಿರಿ, ಅದು ಹೌದೂ ಇರಬಹುದು.

ಹಾಲಕ್ಕಿ ಒಕ್ಕಲಿಗ ಸಮುದಾಯದ ಅಜ್ಜಿಯರ ಮಣಿಸರ ಕಂಡ ಕೂಡಲೇ ಪ್ರವಾಸಿಗರು ಅಂಕೋಲೆ ಪೇಟೆಯಲ್ಲಿ ಓಡಿ ಬಂದು ಎದುರಿಗೆ ನಿಲ್ಲುವುದನ್ನು ನೋಡಿದ್ದೇನೆ. ಅವರು ಬಸ್ಸಿಗೆ ಕಾಯುತ್ತಿರುವ ಹೆಂಗಸರು. ನಿಮ್ಮ ಅಜ್ಜಿಯ ಮುಖಕ್ಕೆ ಯಾರೋ ಬಂದು ಹಾಗೆ ಕ್ಯಾಮೆರಾ ಹಿಡಿದರೆ ಸುಮ್ಮನಿರ್ತೀರಾ?

ಶಿರಸಿ, ಸಿದ್ದಾಪುರದ ಕಡೆ ಲೆಕ್ಕವೇ ಬೇರೆ. ಅಲ್ಲಿ ಅಂಗಳಕ್ಕೆ ಹೋದರೆ ಹೆಗಡೇರು ಮೊದಲು ಜಗಲಿಗೆ ಕರೆಯುತ್ತಾರೆ, "ಆಸ್ರಿಗೆ ಎಂತ ಕುಡಿತ್ರಿ?" ಅಂತ ಕೇಳುತ್ತಾರೆ. ಬೇಡ ಅನ್ನಬೇಡಿ. ಬೆಲ್ಲ ನೀರೋ ಮಜ್ಜಿಗೆಯೋ ಕುಡಿದು, ಯಾವ ಊರು, ಯಾರ ಮನೆ ಅಂತ ಹೇಳಿ ಮುಗಿಯುವ ಹೊತ್ತಿಗೆ ಫೋಟೋದ ಮಾತು ತಾನಾಗಿ ಬರುತ್ತದೆ.

## 5. ರಂಗಸ್ಥಳ ಮೊದಲು, ವೇಷ ಆಮೇಲೆ

ಮೊದಲು ಹಿನ್ನೆಲೆ ಆರಿಸಿ: ಸುಣ್ಣದ ಗೋಡೆ, ನೀಲಿ ಬಾಗಿಲು, ಚಿರೇಕಲ್ಲಿನ (ಕೆಂಪು ಮುರಕಲ್ಲಿನ) ಪಾಗಾರ, ಅಡಿಕೆ ದಬ್ಬೆಯ ಬೇಲಿ. ಅದರೆದುರು ನಿಂತು ಚೌಕಟ್ಟು ನೇರ ಮಾಡಿಕೊಳ್ಳಿ. ಫೋನಿನಲ್ಲಿ ಗ್ರಿಡ್ ಗೆರೆ ಹಾಕಿಟ್ಟುಕೊಳ್ಳಿ. ಆಮೇಲೆ ಯಾರಾದರೂ ಒಳಗೆ ಬರುವವರೆಗೆ ಕಾಯಿರಿ. ಜನರ ಹಿಂದೆ ಕ್ಯಾಮೆರಾ ಹಿಡಿದು ಓಡಿದರೆ ತಲೆಯ ಮೇಲೊಂದು ಕರೆಂಟ್ ಕಂಬ, ಪಕ್ಕದಲ್ಲೊಂದು ಅರ್ಧ ಬೈಕ್ ಬಂದೇ ಬರುತ್ತದೆ.

ತೆಗೆಯುವ ಮೊದಲು ಚೌಕಟ್ಟಿನ ನಾಲ್ಕೂ ಮೂಲೆ ಒಂದು ಸಲ ಕಣ್ಣಲ್ಲಿ ಸುತ್ತಿ. ಎರಡು ಸೆಕೆಂಡಿನ ಕೆಲಸ.

ಸಮುದ್ರ ಇದ್ದರೆ ದಿಗಂತದ ಗೆರೆ ಯಾರ ಕುತ್ತಿಗೆಯಲ್ಲೂ ಹಾದುಹೋಗಬಾರದು. ನೀವು ಸ್ವಲ್ಪ ಕೂತರೆ ಅಥವಾ ಮೆಟ್ಟಿಲು ಹತ್ತಿದರೆ ಗೆರೆ ತಲೆಯಿಂದ ಬೇರೆಯಾಗುತ್ತದೆ.

## 6. ಬೆಳಕಿನ ಲೆಕ್ಕ

ಕ್ಯಾಮೆರಾಕ್ಕೆ ಬಿಳಿ ಯಾವುದು, ಕಪ್ಪು ಯಾವುದು ಗೊತ್ತಾಗುವುದಿಲ್ಲ. ಕಂಡದ್ದನ್ನೆಲ್ಲ ನಡುವಿನ ಬೂದುಬಣ್ಣಕ್ಕೆ ಎಳೆಯಲು ನೋಡುತ್ತದೆ. ಇದೊಂದು ತಿಳಿದುಕೊಂಡರೆ ಕೆಳಗಿನದೆಲ್ಲ ಸುಲಭ. ಫೋನಿನಲ್ಲಿ ಬೇಕಾದ ಕಡೆ ಬೆರಳು ಒತ್ತಿ ಹಿಡಿಯಿರಿ, ಬೀಗದ ಗುರುತು ಬರುತ್ತದೆ. ಆಮೇಲೆ ಬೆರಳು ಮೇಲೆ ಕೆಳಗೆ ಜಾರಿಸಿದರೆ ಬೆಳಕು ಹೆಚ್ಚು ಕಡಿಮೆ ಆಗುತ್ತದೆ.

ಉಪ್ಪಿನಾಗರ, ಮರಳು, ನೊರೆ. ಚೌಕಟ್ಟಿನ ತುಂಬ ಬಿಳಿಯೇ ಇದ್ದರೆ ಉಪ್ಪಿನ ರಾಶಿ ಬೂದಿ ತರಹ ಬರುತ್ತದೆ. ಬೆಳಕು ಸ್ವಲ್ಪ ಏರಿಸಿ, ಅರ್ಧದಿಂದ ಒಂದು ಸ್ಟಾಪ್ (ಒಂದು ಸ್ಟಾಪ್ ಏರಿಸಿದರೆ ಬೆಳಕು ಎರಡರಷ್ಟು). ಆದರೆ ರಾಶಿಯ ಮೇಲಿನ ಹರಳು ಕಾಣದೆ ಬರೀ ಬಿಳಿ ಕಾಗದದಂತಾದರೆ ಜಾಸ್ತಿಯಾಯಿತು ಅಂತ ಅರ್ಥ. ಆಗರದಲ್ಲಿ ನಡುಮಧ್ಯಾಹ್ನ ಹೋಗಬೇಡಿ. ನೀರು ಕಟ್ಟಿದ ಮಡಿಗಳಲ್ಲಿ ಆಕಾಶ ಕಾಣುವುದು ಬೆಳಿಗ್ಗೆ, ಗಾಳಿ ಏಳುವ ಮೊದಲು. ನಡೆಯುವಾಗ ಬದುವಿನ ಮೇಲೆಯೇ ಕಾಲಿಡಿ. ಮಡಿಯೊಳಗೆ ಚಪ್ಪಲಿ ಇಟ್ಟರೆ ಯಾರದ್ದೋ ದುಡಿಮೆ ಕೆಸರಾಗುತ್ತದೆ.

ಅಡಿಕೆ ತೋಟ. ಮುಂಜಾನೆಯ ಹೊಂಬಿಸಿಲಲ್ಲೇ ಹೋಗಬೇಕು ಅಂತ ಎಲ್ಲರೂ ಹೇಳುತ್ತಾರೆ. ತೋಟಕ್ಕೆ ಆ ಮಾತು ಹೊಂದುವುದಿಲ್ಲ. ನಮ್ಮ ತೋಟಗಳು ಗುಡ್ಡದ ಸಂದಿಯಲ್ಲಿವೆ, ಬಿಸಿಲು ಕೆಳಗಿಳಿಯುವುದೇ ತಡ. ಇಳಿದ ಮೇಲೆ ಚುಕ್ಕೆ ಚುಕ್ಕೆಯಾಗಿ ಬಿದ್ದು ಮುಖದ ಮೇಲೆ ಹುಲಿಪಟ್ಟೆ ಮಾಡುತ್ತದೆ. ಮೋಡದ ದಿನವೇ ತೋಟಕ್ಕೆ ವಾಸಿ. ಇನ್ನೊಂದು ತೊಂದರೆ: ಸುತ್ತ ಹಸಿರೇ ಇರುವುದರಿಂದ ಮುಖಕ್ಕೂ ಹಸಿರು ಬಣ್ಣ ಹತ್ತುತ್ತದೆ. ಮನುಷ್ಯರ ಮುಖ ತೆಗೆಯಬೇಕಾದರೆ ತೋಟದ ಅಂಚಿಗೆ, ಸಂಕದ (ಕಾಲುಸೇತುವೆಯ) ಹತ್ತಿರಕ್ಕೋ ಅಂಗಳಕ್ಕೋ ಬರಲು ಕೇಳಿ. ಎಲೆಯ ಮೇಲಿನ ನೀರಿನ ಹೊಳಪು ಕಣ್ಣಿಗೆ ಹೊಡೆಯುತ್ತಿದ್ದರೆ ಪೋಲರೈಸರ್ ಫಿಲ್ಟರ್ (ಲೆನ್ಸಿನ ಮುಂದೆ ಹಾಕುವ, ಹೊಳಪು ತಗ್ಗಿಸುವ ಗಾಜು) ಇದ್ದರೆ ತಿರುಗಿಸಿ. ನಿಜವಾದ ಹಸಿರು ಆಗ ಕಾಣುತ್ತದೆ.

ಜಗಲಿ, ಅಡುಗೆಮನೆ. ರಾತ್ರಿ ಅಡಿಕೆ ಸುಲಿಯುವಲ್ಲಿ ಒಂದೇ ಬಲ್ಬು ಇರುತ್ತದೆ. ಫ್ಲ್ಯಾಶ್ ಹಾಕಬೇಡಿ. ಮೆಟ್ಟುಗತ್ತಿಯ ಮುಂದೆ ಕೂತವರ ಕಣ್ಣಿಗೆ ಫಕ್ಕನೆ ಬೆಳಕು ಬಿದ್ದರೆ ಬೆರಳು ಕೊಯ್ದುಕೊಳ್ಳುತ್ತಾರೆ. ಕತ್ತಲೆ ಜಾಸ್ತಿ ಇದ್ದಲ್ಲಿ ಕ್ಯಾಮೆರಾ ಎಲ್ಲವನ್ನೂ ಬೆಳ್ಳಗೆ ಮಾಡಲು ಹೋಗಿ ಬಲ್ಬನ್ನು ಬಿಳಿ ಉಂಡೆ ಮಾಡುತ್ತದೆ. ಬೆಳಕು ಇಳಿಸಿ. ಕೈ, ಕತ್ತಿ, ಸುಲಿದ ಅಡಿಕೆಯ ಗುಡ್ಡೆ ಕಂಡರೆ ಸಾಕು, ಗೋಡೆ ಕತ್ತಲಲ್ಲೇ ಇರಲಿ. ಮೊಣಕೈಯನ್ನು ಕಂಬಕ್ಕೆ ಆನಿಸಿ ಹಿಡಿಯಿರಿ.

ಮಳೆ. ಸುರಿಯುವ ಮಳೆ ಫೋಟೋದಲ್ಲಿ ಕಾಣಲೇ ಇಲ್ಲ ಅನ್ನುತ್ತಾರೆ. ಬೆಳ್ಳಗಿನ ಆಕಾಶದ ಎದುರು ಹನಿ ಕಾಣುವುದಿಲ್ಲ. ಹಿಂದೆ ಕತ್ತಲೆ ಬೇಕು: ದಟ್ಟ ಮರ, ತೆರೆದ ಬಾಗಿಲಿನ ಒಳಗಿನ ಕತ್ತಲೆ, ಡಾಂಬರು. ಬೆಳಕು ಮಳೆಯ ಹಿಂದಿನಿಂದ ಬಂದರೆ ಇನ್ನೂ ಒಳ್ಳೆಯದು. ಶಟರ್ ವೇಗ 1/60 ಸೆಕೆಂಡ್ ಇಟ್ಟರೆ ಮಳೆ ಗೆರೆಯಾಗಿ ಬರುತ್ತದೆ.

ಶಟರಿನ ಅಂದಾಜು ಲೆಕ್ಕವನ್ನೂ ಹೇಳುತ್ತೇನೆ. ನಿಂತವರಿಗೆ 1/125, ನಡೆಯುವವರಿಗೆ 1/250. ಬೀಸುಬಲೆ ಗಾಳಿಯಲ್ಲಿ ಬಿಚ್ಚಿಕೊಳ್ಳುವುದು ಬೇಕಾದರೆ 1/1000. ಫೋನಿನವರು ಬಲೆ ಬೀಸುವಾಗ ಬರ್ಸ್ಟ್ (ಒಂದರ ಹಿಂದೆ ಒಂದು ಸತತ ಫೋಟೋ) ಇಡಿ.

## 7. ದೂರ, ನಡು, ಹತ್ತಿರ

ಒಂದೇ ಜಾಗದಲ್ಲಿ ಮೂರು ದೂರದಿಂದ ತೆಗೆಯಿರಿ. ಮೊದಲು ಜಾಗ ಪೂರ್ತಿ ಕಾಣುವಂತೆ, ಆಮೇಲೆ ಒಬ್ಬರು ಮತ್ತು ಅವರ ಕೆಲಸ, ಕೊನೆಗೆ ಬರೀ ಕೈ ಅಥವಾ ವಸ್ತು. ಹೆಚ್ಚಿನವರು ನಡುವಿನದ್ದೊಂದನ್ನೇ ಇಪ್ಪತ್ತು ಸಲ ತೆಗೆಯುತ್ತಾರೆ.

ಫೋನಿನ 0.5 ವೈಡ್ ಲೆನ್ಸ್ ಬೇಡ. ಅಂಚಿಗೆ ಬಂದವರ ತಲೆ ಸೋರೆಕಾಯಿ ಆಗುತ್ತದೆ. ಬೆರಳಿನಿಂದ ಜೂಮ್ ಎಳೆಯುವುದೂ ಬೇಡ, ಎರಡು ಹೆಜ್ಜೆ ನಡೆಯಿರಿ.

ಕೆಲಸ ಕೆಡುತ್ತಿದೆ ಅಂತ ತಿಳಿಯುವುದು ಹೀಗೆ: ಸತತ ಐದು ಫೋಟೋದಲ್ಲಿ ಎಲ್ಲರೂ ನಿಮ್ಮನ್ನೇ ನೋಡುತ್ತಿದ್ದರೆ, ಕೆಲಸ ಮಾಡುವವರ ಕೈ ನಿಧಾನವಾದರೆ, ಮಕ್ಕಳು ಎರಡು ಬೆರಳು ಎತ್ತಿ ಪೋಸ್ ಕೊಡಲು ಶುರುಮಾಡಿದರೆ. ಆಗ ಮೂರನೇ ಹಂತಕ್ಕೆ ವಾಪಸ್ ಹೋಗಿ. ಕ್ಯಾಮೆರಾ ಒಳಗಿಟ್ಟು ಇನ್ನೊಂದು ಚಾ ಹೇಳಿ.

## 8. ಉಪ್ಪು, ತೇವ, ಬೂಸ್ಟು

ಕಡಲ ದಡದಲ್ಲಿ ಅರ್ಧ ಗಂಟೆ ನಿಂತರೆ ಲೆನ್ಸಿನ ಮೇಲೆ ತೆಳ್ಳಗೆ ಉಪ್ಪು ಕೂರುತ್ತದೆ. ಫೋಟೋ ಮಂಜು ಮಂಜಾಗಿ, ದೀಪದ ಸುತ್ತ ಪ್ರಭೆ ಕಾಣತೊಡಗಿದರೆ ಅದೇ ಗುರುತು. ಅಂಗಿ ಚುಂಗಿನಲ್ಲಿ ಒಣ ಒಣದೇ ಉಜ್ಜಬೇಡಿ, ಮರಳು ಗೀರುತ್ತದೆ. ಮೊದಲು ಊದಿ ಮರಳು ಹಾರಿಸಿ. ಆಮೇಲೆ ಸಿಹಿನೀರಲ್ಲಿ ಒದ್ದೆ ಮಾಡಿ ಹಿಂಡಿದ ಬಟ್ಟೆ, ಆಮೇಲೆ ಒಣ ಬಟ್ಟೆ. ಕ್ಯಾಮೆರಾದ ಮೈಯನ್ನೂ ಹೀಗೇ ಒರೆಸಿ.

ಎಸಿ ಕೋಣೆಯಿಂದ ಹೊರಗೆ ಬಂದ ಕೂಡಲೇ ಲೆನ್ಸ್ ಬೆವರುತ್ತದೆ. ಚೀಲ ಮುಚ್ಚಿಯೇ ಅರ್ಧ ಗಂಟೆ ಹೊರಗಿಡಿ, ಆಮೇಲೆ ತೆರೆಯಿರಿ. ಬೆವರಿದ ಮೇಲೆ ಒರೆಸುತ್ತಾ ಕೂತರೆ ಮತ್ತೆ ಮತ್ತೆ ಬೆವರುತ್ತದೆ.

ಮಳೆಗಾಲದಲ್ಲಿ ಚರ್ಮದ ಕವರಿನಲ್ಲಿಟ್ಟು ಕಪಾಟಿಗೆ ಸೇರಿಸುವ ತಪ್ಪನ್ನು ನಾನೇ ಮಾಡಿದ್ದೇನೆ. ಜೂನ್‌ನಲ್ಲಿ ಇಟ್ಟದ್ದು, ಚೌತಿಗೆ ತೆಗೆದು ಬೆಳಕಿಗೆ ಹಿಡಿದರೆ ಲೆನ್ಸಿನೊಳಗೆ ಜೇಡರ ಬಲೆಯ ಹಾಗೆ ಬಿಳಿ ಎಳೆ. ಹೊರಗಿನಿಂದ ಎಷ್ಟು ಒರೆಸಿದರೂ ಹೋಗಲಿಲ್ಲ. ಬಿಚ್ಚಿ ತೊಳೆಸಿದೆ, ಒಂದು ಅಂಚಿನ ಕಲೆ ಹಾಗೇ ಉಳಿಯಿತು. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ವಾರಕ್ಕೊಮ್ಮೆ ಹೊರಗೆ ತೆಗೆದು ಬೆಳಕು ಕಾಣಿಸುವುದು, ಇಷ್ಟು ಸಾಕಿತ್ತು. ಅಕ್ಕಿ ಡಬ್ಬಿಯಲ್ಲಿ ಹೂತಿಡಬೇಡಿ, ಹಿಟ್ಟಿನ ಧೂಳು ಸಂದಿಗೆ ಸೇರುತ್ತದೆ.

## 9. ಆರಿಸುವುದು, ಕೊಡುವುದು

ಅದೇ ರಾತ್ರಿ ಫೋಟೋಗಳನ್ನು ಇನ್ನೊಂದು ಕಡೆ ನಕಲು ಮಾಡಿಡಿ. ಅಳಿಸುವ ಕೆಲಸ ಆಗ ಬೇಡ. ಒಂದು ವಾರ ಬಿಟ್ಟು ಕೂತು ಹತ್ತು ಆರಿಸಿ. ಸುಮ್ಮನೆ ಚಂದ ಇರುವುದನ್ನು ತೆಗೆದುಹಾಕಿ. ಬೇರೆ ಯಾವ ಊರಲ್ಲಾದರೂ ತೆಗೆಯಬಹುದಿತ್ತು ಅನ್ನಿಸುವುದನ್ನೂ ತೆಗೆದುಹಾಕಿ. ಬಣ್ಣ ಏರಿಸುವ ಆಸೆ ಬಂದರೆ ಚಿರೇಕಲ್ಲನ್ನು ನೋಡಿ. ಅದು ಕುಂಕುಮದ ಬಣ್ಣಕ್ಕೆ ತಿರುಗಿದರೆ ಜಾಸ್ತಿಯಾಯಿತು.

ಯಾರ ಮುಖ ತೆಗೆದಿರೋ ಅವರಿಗೆ 4×6 ಇಂಚಿನ ಪ್ರಿಂಟ್ ಹಾಕಿಸಿ ಕೊಡಿ. ವಾಟ್ಸಾಪ್‌ನಲ್ಲಿ ಕಳಿಸ್ತೇನೆ ಅಂದವರು ಕಳಿಸುವುದಿಲ್ಲ, ಅದು ಅವರಿಗೂ ಗೊತ್ತು. ಹಿಂದೆ ಊರು, ತಾರೀಕು ಮಾರ್ಕರ್ ಪೆನ್ನಿನಲ್ಲಿ ಬರೆಯಿರಿ. ಅವರು ಸಿಗದಿದ್ದರೆ ಪಕ್ಕದ ಅಂಗಡಿಯಲ್ಲಿ ಬಿಟ್ಟು ಬಂದರೂ ತಲುಪುತ್ತದೆ. ಮೀನು ಮಾರುವವರಿಗಾದರೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಯೇ ಕೊಡಿ, ಅವರ ಕೈ ಯಾವಾಗಲೂ ಒದ್ದೆ.